ಆರತಿಗೆ ಎದ್ದ ಗುರು, ಸುಮ್ಮನಿದ್ದ ಶಿಷ್ಯ

ಹಿಮದ ಬೆಟ್ಟಗಳ ಬುಡದಲ್ಲಿ ವಾಯುಪಡೆಯ ಒಂದು ನೆಲೆ ಇತ್ತು. ಬೆಟ್ಟದ ತುದಿಯ ಠಾಣೆಗಳಲ್ಲಿ ಸೈನಿಕರು ಕಾವಲು ಕಾಯುತ್ತಿದ್ದರು. ಅಲ್ಲಿಗೆ ರಸ್ತೆ ಇರಲಿಲ್ಲ. ಅಕ್ಕಿ, ಬೇಳೆ, ಸೀಮೆಎಣ್ಣೆ, ಔಷಧ, ಎಲ್ಲವೂ ಆಕಾಶದಿಂದಲೇ ಇಳಿಯಬೇಕಿತ್ತು. ವಿಮಾನದ ಹಿಂಬಾಗಿಲಿನಿಂದ ಪೆಟ್ಟಿಗೆಯನ್ನು ಹೊರಗೆ ತಳ್ಳುತ್ತಿದ್ದರು. ಅದಕ್ಕೆ ಕಟ್ಟಿದ ಪ್ಯಾರಾಚೂಟ್ ಗಾಳಿಯಲ್ಲಿ ಅರಳಿ, ಪೆಟ್ಟಿಗೆಯನ್ನು ಮೆಲ್ಲಗೆ ಹಿಮದ ಮೇಲೆ ಇಳಿಸುತ್ತಿತ್ತು. ಆ ನೆಲೆಯವರು ಪ್ಯಾರಾಚೂಟನ್ನು ಛತ್ರಿ ಎನ್ನುತ್ತಿದ್ದರು.

ವಿಮಾನ ಹಾರಿಸುವವರನ್ನು ಜನ ನೆನೆಯುತ್ತಾರೆ. ಛತ್ರಿ ಮಡಿಸಿ ಕಟ್ಟುವವರನ್ನು ಭಗವಂತನೊಬ್ಬನೇ ನೆನೆಯುತ್ತಾನೆ.

ಅಲ್ಲಿ ಛತ್ರಿ ಕಟ್ಟುವವರಿಗೆಲ್ಲ ಹಿರಿಯರು ಗುರುಪಾದಪ್ಪ ಹೂಗಾರರು. ಸವದತ್ತಿ ಕಡೆಯವರು. ಅವರ ಮನೆತನದವರು ಗುಡಿಗೆ ಹೂವು, ಬಿಲ್ವಪತ್ರೆ ಕೊಡುತ್ತ ಬಂದವರು. ಹಣೆಯ ತುಂಬ ವಿಭೂತಿ ಇಲ್ಲದೆ ಅವರನ್ನು ಕಂಡವರಿಲ್ಲ. ಅದೇ ಕೆಲಸದಲ್ಲಿ ಅವರ ತಲೆ ನರೆತಿತ್ತು. ಅದುವರೆಗೆ ಅವರು ಕಟ್ಟಿದ ಛತ್ರಿ ಒಂದೂ ಅರಳದೆ ಹೋದದ್ದಿಲ್ಲ.

ಅವರ ಶಿಷ್ಯ ರಾಜೇಸಾಬ ನದಾಫ. ರೋಣದವನು, ಎರಡು ಮಕ್ಕಳ ತಂದೆ. ಇವನ ಅಪ್ಪ ಊರೂರು ತಿರುಗಿ ಹತ್ತಿ ಹಿಂಜಿ ಗಾದಿ ಹೊಲಿಯುವವರು. ಬಟ್ಟೆಯ ಮೈ ಇವನ ಬೆರಳಿಗೆ ಹುಟ್ಟಿನಿಂದ ಗೊತ್ತು. ಮೊದಲ ದಿನವೇ ಗುರುಪಾದಪ್ಪನವರು ಅವನನ್ನು ಕೆಣಕಿದ್ದರು.

"ಇದು ಗಾದಿ ಅಲ್ಲೋ ನದಾಫ. ಗಾದಿ ಗಂಟಾದ್ರ ಮಲಗಿದವನ ಬೆನ್ನಿಗೆ ತಿಳೀತದ. ಇದು ಗಂಟಾದ್ರ ತಿಳಿಯೂದು ಮುಗಿಲಾಗ."

"ನಮ್ಮಪ್ಪನ ಗಾದಿ ಮ್ಯಾಲ ಮಲಗಿದವ್ರು ಯಾರೂ ಕೆಳಗ ಬಿದ್ದಿಲ್ಲರಿ, ಗುರುಗಳ," ಅಂದಿದ್ದ ರಾಜೇಸಾಬ.

ಗುರುಪಾದಪ್ಪನವರು ನಕ್ಕು ಅವನನ್ನು ತಮ್ಮ ಮೇಜಿಗೇ ಕರೆದುಕೊಂಡರು. ಅಂದಿನಿಂದ ಅವನು ಅವರಿಗೆ ಮಗನ ಹಾಗೆ. ಶ್ರಾವಣದಲ್ಲಿ ಅವರ ಡಬ್ಬಿಯ ಹೋಳಿಗೆಯಲ್ಲಿ ಅವನಿಗೆ ಪಾಲು. ರಂಜಾನಿನಲ್ಲಿ ಅವನು ಉಪವಾಸ ಇದ್ದಾಗ ಅವರು ಅವನೆದುರು ಚಹಾ ಕುಡಿಯುತ್ತಿರಲಿಲ್ಲ.

ಆ ಕೆಲಸಕ್ಕೆ ಒಂದು ಕಟ್ಟಳೆ ಇತ್ತು. ಉದ್ದನೆಯ ಮೇಜಿನ ಈಚೆ ಮಡಿಸುವವನು, ಆಚೆ ನೋಡುವವನು. ಪ್ರತಿ ಮಡಿಕೆಯನ್ನೂ ನೋಡುವವನು ಒಪ್ಪಬೇಕು. ಇನ್ನೊಂದು ಮಾತಂತೂ ಎಲ್ಲಕ್ಕಿಂತ ದೊಡ್ಡದು: ಮಡಿಸುವವನು ನಡುವೆ ಎದ್ದರೆ, ಅಂದರೆ ಮೇಜು ಬಿಟ್ಟು ಸರಿದರೆ, ಯಾವ ಕಾರಣಕ್ಕೇ ಸರಿದಿರಲಿ, ಆ ಛತ್ರಿಯನ್ನು ಪೂರ್ತಿ ಬಿಚ್ಚಿ ಮೊದಲಿನಿಂದ ಮಡಿಸಬೇಕು. ಕಣ್ಣು ಒಮ್ಮೆ ತಪ್ಪಿದರೆ ಹಗ್ಗ ಎಲ್ಲಿ ಸರಿದಿದೆ ಎಂದು ತಿಳಿಯುವುದಿಲ್ಲ. ಮಡಿಸುವವನು ಮರೆತರೆ "ಬಿಚ್ಚಿ" ಎನ್ನುವುದು ನೋಡುವವನ ಕೆಲಸ. ಜಪ ಮಾಡುವವರಿಗೆ ಇದು ಅರ್ಥವಾಗುತ್ತದೆ. ಮನಸ್ಸು ಎದ್ದುಹೋದ ಮೇಲೆ ಎಣಿಕೆ ಮುಂದುವರಿಸಿದರೆ ಅದು ಜಪವಾಗುವುದಿಲ್ಲ.

ಈ ಕಟ್ಟಳೆಯನ್ನು ರಾಜೇಸಾಬನಿಗೆ ಕಲಿಸಿದವರೇ ಗುರುಪಾದಪ್ಪನವರು. ಒಮ್ಮೆ ಅವನು ಸೀನು ಬಂತೆಂದು ಮೇಜು ಬಿಟ್ಟು ಸರಿದಿದ್ದಕ್ಕೆ ಮುಗಿಯಲು ಬಂದ ಮಡಿಕೆಯನ್ನೆಲ್ಲ ಬಿಚ್ಚಿಸಿದ್ದರು.

ಒಂದು ವರ್ಷ ಆಯುಧ ಪೂಜೆಯ ದಿನ. ಛತ್ರಿ ಕಟ್ಟುವ ಹಾಲ್‌ನ ಮೇಜುಗಳನ್ನು ತೊಳೆದು ಚೆಂಡುಹೂವಿನ ಮಾಲೆ ಕಟ್ಟಿದ್ದರು. ಕತ್ತರಿ, ಸೂಜಿ, ತೂಕದ ಮರಳುಚೀಲಗಳಿಗೂ ಕುಂಕುಮ ಹಚ್ಚಿದ್ದರು. ಅಂದು ಯಾರೂ ಛತ್ರಿ ಮುಟ್ಟುವ ದಿನವಲ್ಲ. ಆದರೆ ಬೆಳಿಗ್ಗೆ ಮೇಲಿನ ಠಾಣೆಯಿಂದ ವೈರ್‌ಲೆಸ್‌ನಲ್ಲಿ ಸುದ್ದಿ ಬಂತು. ತ್ರಿಲೋಚನ ಎಂಬ ಸಿಪಾಯಿಗೆ ಎತ್ತರದ ಗಾಳಿ ಹಿಡಿಸದೆ ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಉಸಿರಾಡಲು ಒದ್ದಾಡುತ್ತಿದ್ದ. ಠಾಣೆಯ ಆಮ್ಲಜನಕ ಮುಗಿಯುತ್ತ ಬಂದಿತ್ತು. ಗಾಳಿ ಜೋರಾಗಿದ್ದರಿಂದ ಹೆಲಿಕಾಪ್ಟರ್ ಅಲ್ಲಿ ಇಳಿಯುವಂತಿರಲಿಲ್ಲ. ಮಧ್ಯಾಹ್ನದ ಮೇಲೆ ಮೋಡ ಮುಚ್ಚಿಕೊಳ್ಳುತ್ತದೆ, ಅಷ್ಟರೊಳಗೆ ವಿಮಾನ ಆಮ್ಲಜನಕವನ್ನೂ ಔಷಧವನ್ನೂ ಇಳಿಸಿ ಬರಬೇಕು.

ಕಟ್ಟಿಟ್ಟ ಛತ್ರಿಗಳು ನೆಲೆಯಲ್ಲಿ ಒಂದೂ ಉಳಿದಿರಲಿಲ್ಲ. ಹಿಂದಿನ ವಾರ ನೆರೆಗೆ ಸಿಕ್ಕ ಊರುಗಳಿಗೆ ಅನ್ನ ಇಳಿಸಲು ಎಲ್ಲವೂ ಹೋಗಿದ್ದವು. ಗುರುಪಾದಪ್ಪನವರು ಅಂಗಿಯ ತೋಳು ಮಡಿಸಿ ಮೇಜಿನ ಮುಂದೆ ನಿಂತರು. ಆಚೆ ಬದಿಗೆ ರಾಜೇಸಾಬ ನಿಂತ.

ಬಟ್ಟೆ ಅರ್ಧ ಮಡಿಕೆಯಾಗಿತ್ತು. ಹಗ್ಗಗಳನ್ನು ಸಾಲಾಗಿ ಹಾಸಿ ಮರಳುಚೀಲಗಳನ್ನು ಇಟ್ಟಿದ್ದರು. ಅಷ್ಟರಲ್ಲಿ ಬಾಗಿಲಲ್ಲಿ ಗಂಟೆಯ ಸದ್ದು. ನೆಲೆಯ ಗುಡಿಯ ಪಂಡಿತರು ಮಂಗಳಾರತಿ ತಂದಿದ್ದರು. ಮೊದಲ ಆರತಿ ಹಾಲ್‌ನ ಹಿರಿಯರಿಗೆ ಸಲ್ಲಬೇಕು, ಅದು ಅಲ್ಲಿನ ರೂಢಿ. ಪಂಡಿತರು ತಟ್ಟೆ ಹಿಡಿದು ಕಾದರು. ಕರ್ಪೂರ ಉರಿಯುತ್ತಿತ್ತು. ಉರಿಯುವ ಕರ್ಪೂರವನ್ನು ಕಾಯಿಸುವುದು ಗುರುಪಾದಪ್ಪನವರಿಂದ ಆಗಲಿಲ್ಲ. ಅವರು ಮೇಜು ಬಿಟ್ಟು ಹೋದರು. ಆರತಿಯ ಮೇಲೆ ಕೈಯಾಡಿಸಿ ಕಣ್ಣಿಗೊತ್ತಿಕೊಂಡರು. ಆ ಹುಡುಗನನ್ನು ಉಳಿಸು ತಂದೆ, ಎಂದು ಬೇಡಿಕೊಂಡರು. ಅವರ ಹಿಂದೆ ಉಳಿದವರೂ ಆರತಿಗೆ ನೂಕಿಕೊಂಡು ಬಂದರು.

ಆ ಗದ್ದಲದಲ್ಲಿ ಯಾರ ಅಂಗಿ ಮೇಜಿನ ತುದಿಗೆ ತಾಗಿತೋ, ಯಾರ ಮೊಣಕೈ ತಗುಲಿತೋ. ಒಂದು ಹಗ್ಗ ತನ್ನ ಜಾಗದಿಂದ ಸರಿಯಿತು. ಅದನ್ನು ಯಾರೂ ಕಾಣಲಿಲ್ಲ.

ಗುರುಪಾದಪ್ಪನವರು ಮರಳಿ ಬಂದು ನಿಲ್ಲಿಸಿದ ಕಡೆಯಿಂದಲೇ ಮಡಿಸತೊಡಗಿದರು. ಹೊರಗೆ ವಿಮಾನದ ಎಂಜಿನ್ ಶುರುವಾಗಿತ್ತು. ಕಟ್ಟಳೆ ಅವರಿಗೆ ನೆನಪಾಯಿತೋ ಇಲ್ಲವೋ, ಅವರಿಗೇ ಗೊತ್ತಾಗಲಿಲ್ಲ. ನೆನಪಾಗಿದ್ದರೂ, ದೇವರ ಹತ್ತಿರ ಹೋಗಿ ಬಂದದ್ದು ಎದ್ದುಹೋದಂತೆ ಎಂದು ಅವರ ಮನಸ್ಸು ಒಪ್ಪುತ್ತಿರಲಿಲ್ಲ.

ರಾಜೇಸಾಬನಿಗೆ ನೆನಪಿತ್ತು. ಹಗ್ಗ ಸರಿದದ್ದನ್ನು ಅವನು ನೋಡಿರಲಿಲ್ಲ. ಗುರುಗಳು ಎದ್ದದ್ದನ್ನು ನೋಡಿದ್ದ. "ಬಿಚ್ಚಿ" ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂತು. ಬಂದದ್ದು ಅಲ್ಲೇ ನಿಂತಿತು. ಗುರುಗಳ ಹಣೆಯ ಮೇಲೆ ಆಗಷ್ಟೇ ಇಟ್ಟ ಕುಂಕುಮ ಹಸಿಯಾಗಿತ್ತು. ಪಂಡಿತರು ಇನ್ನೂ ಬಾಗಿಲಲ್ಲಿದ್ದರು. ಹಾಲ್‌ನಲ್ಲಿ ಎಲ್ಲರೂ ಕೈಮುಗಿದು ನಿಂತಿದ್ದರು. ಅಂಥ ಹೊತ್ತಿನಲ್ಲಿ ತಾನು ಬಾಯಿಬಿಟ್ಟರೆ ಏನಾದೀತು ಎಂದು ಯೋಚಿಸಿದ. ಇಷ್ಟು ವರ್ಷ ತಪ್ಪದ ಕೈ ಇವತ್ತು ತಪ್ಪೀತೇ ಎಂದೂ ಯೋಚಿಸಿದ. ಕಡೆಗೆ ಒಂದೊಂದು ಮಡಿಕೆಗೂ ತಲೆಯಾಡಿಸುತ್ತ ಹೋದ.

ಛತ್ರಿ ಕಟ್ಟಿಯಾಯಿತು. ವಿಮಾನ ಹಾರಿತು.

ಮೇಲಿನ ಠಾಣೆಯ ಸೈನಿಕರು ಹಿಮದಲ್ಲಿ ನಿಂತು ಆಕಾಶ ನೋಡುತ್ತಿದ್ದರು. ಡೇರೆಯ ಒಳಗೆ ಮಲಗಿದ್ದ ತ್ರಿಲೋಚನ ಪಕ್ಕದವನನ್ನು ಬಂತೇ, ಬಂತೇ ಎಂದು ಕೇಳುತ್ತಿದ್ದ. ಪೆಟ್ಟಿಗೆ ವಿಮಾನದಿಂದ ಹೊರಬಿತ್ತು. ಛತ್ರಿ ಅರಳಲು ಹೋಯಿತು, ಅರಳಲಿಲ್ಲ. ಒಂದು ಹಗ್ಗ ಅದರ ನೆತ್ತಿಯ ಮೇಲೆ ಅಡ್ಡಲಾಗಿ ಬಿದ್ದು, ಛತ್ರಿ ನಡುವೆ ಬಿಗಿದು ಕಟ್ಟಿದ ಚೀಲದಂತೆ ಆಯಿತು. ಪೆಟ್ಟಿಗೆ ಕಲ್ಲಿನಂತೆ ಬಂದು ಬಂಡೆಗೆ ಬಡಿಯಿತು. ಸಿಲಿಂಡರಿನ ಬಾಯಿ ಮುರಿದು ಆಮ್ಲಜನಕವೆಲ್ಲ ಹಿಮದ ಗಾಳಿಗೆ ಹೋಯಿತು. ಔಷಧದ ಶೀಶೆಗಳು ಪುಡಿಯಾದವು.

ಡೇರೆಯಿಂದ ಮತ್ತೆ ಅದೇ ಪ್ರಶ್ನೆ ಬಂತು. ಪಕ್ಕದಲ್ಲಿ ಕೂತಿದ್ದವನಿಗೆ ನಿಜ ಹೇಳಲು ಧೈರ್ಯವಾಗಲಿಲ್ಲ.

"ಬಂತು ಭಾಯಿ, ಬಂತು," ಎಂದ.

ತ್ರಿಲೋಚನ ಸಮಾಧಾನದಿಂದ ಕಣ್ಣು ಮುಚ್ಚಿದ. ಮೋಡ ಮುಚ್ಚಿಕೊಂಡಿತು. ಮೋಡ ಸರಿದು ಇನ್ನೊಂದು ವಿಮಾನ ಹೋಗುವಷ್ಟರಲ್ಲಿ ಅವನ ಉಸಿರು ನಿಂತಿತ್ತು.

ಠಾಣೆಯವರು ಹರಿದ ಛತ್ರಿಯನ್ನು ನೋಡಿ, ಹಗ್ಗ ಎಲ್ಲಿ ಸಿಕ್ಕಿತ್ತೆಂದು ವೈರ್‌ಲೆಸ್‌ನಲ್ಲಿ ತಿಳಿಸಿದರು. ಆ ಮಾತು ಕೇಳಿದ ಗುರುಪಾದಪ್ಪನವರು ಹಾಲ್‌ಗೆ ಬಂದು ಖಾಲಿ ಮೇಜಿನ ಮುಂದೆ ಕೂತರು. ಬಾಡಿದ ಚೆಂಡುಹೂವನ್ನು ಯಾರೂ ತೆಗೆದಿರಲಿಲ್ಲ. ರಾಜೇಸಾಬನನ್ನು ಹತ್ತಿರ ಕರೆದರು.

"ನಾ ಆರತಿಗೆ ಎದ್ದಿದ್ದು ನೀ ನೋಡಿದ್ದಿ."

"ನೋಡಿದ್ದೆರಿ."

"ಬಿಚ್ರಿ ಅನಬೇಕಿತ್ತು ನೀ."

"ಅನಬೇಕಿತ್ತರಿ."

"ಮತ್ತ?"

ರಾಜೇಸಾಬ ನೆಲ ನೋಡುತ್ತ ನಿಂತ. "ನೀವು ಚಾ ಕುಡ್ಯಾಕ ಎದ್ದಿದ್ರ ಅಂತಿದ್ದೆರಿ, ಗುರುಗಳ. ದೇವರಿಗೆ ಎದ್ದಿದ್ರಿ. ನಿಮಗೂ ನಿಮ್ಮ ದೇವರಿಗೂ ನಡುವ ನಾ ಹೆಂಗ ಬರ್ಲಿ?"

ಗುರುಪಾದಪ್ಪನವರು ಮೇಜಿನ ಬಾಡಿದ ಮಾಲೆಯನ್ನು ಬಿಚ್ಚಿ ಕೆಳಗಿಟ್ಟರು. ಆಮೇಲೆ ಅಂದರು, "ಆ ಹುಡುಗನ್ನ ಉಳಸಪಾ ಅಂತ ಬೇಡಿಕೊಂಡೆ. ದೇವರು ಒಲ್ಲೆ ಅನ್ಲಿಲ್ಲ ರಾಜೇಸಾಬ. ಅವನು ಉಳಿಯೂ ಮಾತು ನಿನ್ನ ಬಾಯಾಗ ಇಟ್ಟಿದ್ದ. ನೀ ಬಾಯಿ ತೆರೀಲಿಲ್ಲ. ಖರೇ ಹೇಳಬೇಕಂದ್ರ ತಪ್ಪು ನಂದ. ಇಷ್ಟು ವರ್ಷ ನಿನಗ ಮಡಿಸೂದು ಕಲಿಸಿದೆ. ನನ್ನ ತಡಿಯೂದು ಕಲಿಸಲಿಲ್ಲ."

ವಿಚಾರಣೆ ನಡೆಯಿತು. ಇಬ್ಬರೂ ಏನನ್ನೂ ಮುಚ್ಚಿಡಲಿಲ್ಲ. ಇಬ್ಬರಿಗೂ ಶಿಕ್ಷೆಯಾಯಿತು, ಇಬ್ಬರೂ ಅದನ್ನು ತಲೆಬಾಗಿ ತೆಗೆದುಕೊಂಡರು. ಆದರೆ ಶಿಕ್ಷೆಯಿಂದ ಅವರ ಎದೆಯ ಭಾರ ಇಳಿಯಲಿಲ್ಲ. ರಜೆ ಸಿಕ್ಕಾಗ ಗುರುಪಾದಪ್ಪನವರು ಊರಿಗೆ ಹೋಗಲಿಲ್ಲ. ಒಡಿಶಾದಲ್ಲಿ ತ್ರಿಲೋಚನನ ಊರು ಎಲ್ಲಿದೆ ಎಂದು ವಿಚಾರಿಸಿಕೊಂಡು ರೈಲು ಹತ್ತಿದರು. ಬೇಡವೆಂದರೂ ರಾಜೇಸಾಬ ಜೊತೆಗೆ ಬಂದ.

ನದಿಯ ದಂಡೆಯಲ್ಲಿ ಹುಲ್ಲು ಹೊದಿಸಿದ ಮನೆ. ಅಂಗಳವನ್ನು ಆಗಷ್ಟೇ ಸಾರಿಸಿದ್ದರು. ತ್ರಿಲೋಚನನ ತಾಯಿ ಜಗಲಿಯ ಮೇಲೆ ಬೆತ್ತದ ಮೊರದಲ್ಲಿ ಅವಲಕ್ಕಿ ಕೇರುತ್ತಿದ್ದಳು. ಅವನ ಅಣ್ಣನಿಗೆ ಹಿಂದಿ ಬರುತ್ತಿತ್ತು. ಇವರ ಮಾತನ್ನು ಅವಳಿಗೂ, ಅವಳ ಮಾತನ್ನು ಇವರಿಗೂ ಅವನೇ ತಿಳಿಸಿದ. ಮಗನ ಜೊತೆ ಇದ್ದವರು ಬಂದಿದ್ದಾರೆ ಎಂದುಕೊಂಡು ಅವಳು ಸೆರಗಿನಿಂದಲೇ ಚಾಪೆಯ ಧೂಳು ಒರೆಸಿ ಕೂರಿಸಿದಳು. ಎಲ್ಲಕ್ಕಿಂತ ಮೊದಲು ಒಂದೇ ಒಂದು ಮಾತು ಕೇಳಿದಳು. ಕೊನೆಗಾದರೂ ಮಗನಿಗೆ ಔಷಧ ಮುಟ್ಟಿತೇ?

ಅಣ್ಣ ಅದನ್ನು ಹಿಂದಿಯಲ್ಲಿ ಹೇಳಿದ. ಮುಟ್ಟಿತು ಎಂದರೆ ಆ ತಾಯಿಗೆ ಅಷ್ಟಾದರೂ ನೆಮ್ಮದಿ. ಗುರುಪಾದಪ್ಪನವರು ಎರಡೂ ಕೈ ಜೋಡಿಸಿದರು.

"ಇಲ್ಲ ತಾಯಿ. ಕಳಿಸಿದ್ದು ಮೇಲಿನಿಂದ ಬಿದ್ದು ಒಡೆದುಹೋಯಿತು. ಅದನ್ನು ಕಟ್ಟಿದವನು ನಾನು. ನಡುವೆ ಎದ್ದುಹೋಗಿದ್ದೆ."

ರಾಜೇಸಾಬ ಗುರುಗಳ ಮಾತು ಮುಗಿಯಲು ಕಾಯಲಿಲ್ಲ. "ಎದ್ದಿದ್ದನ್ನು ನಾನು ನೋಡಿದ್ದೆ. ನೋಡಿಯೂ ಹೇಳಲಿಲ್ಲ," ಎಂದ.

ಅಣ್ಣ ಆ ಮಾತುಗಳನ್ನು ತಾಯಿಗೆ ತಲುಪಿಸಲು ಹೊತ್ತು ತೆಗೆದುಕೊಂಡ. ಅವಳ ಕೈಯ ಮೊರ ನಿಂತಿತು. ಅವಳು ಅಳಲಿಲ್ಲ, ಬೈಯಲಿಲ್ಲ. ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದಳು. ಆಮೇಲೆ ತನಗೆ ತಾನೇ ಕೇಳಿಕೊಳ್ಳುವವಳಂತೆ ಮೆಲ್ಲಗೆ ಏನೋ ಅಂದಳು. ಅಣ್ಣ ತಲೆ ತಗ್ಗಿಸಿ ಅದನ್ನು ಹಿಂದಿಗೆ ತಂದ.

"ಇಷ್ಟು ದೂರ ಬಂದು ನನ್ನ ಮುಂದೆ ಹೇಳುವ ಧೈರ್ಯ ಇರುವವರು, ಅವತ್ತು ನಿಮ್ಮ ನಿಮ್ಮಲ್ಲೇ ಹೇಳಿಕೊಂಡಿದ್ದರೆ ಆಗುತ್ತಿತ್ತಲ್ಲಪ್ಪಾ."

 

ಅವಳು ಎದ್ದು ಒಳಗೆ ಹೋದಳು. ದೂರದಿಂದ ಬಂದವರು ಹಸಿದು ಹೋಗಬಾರದೆಂದು ಅವಲಕ್ಕಿಗೆ ಬೆಲ್ಲ ಕಲಸಿ ಎರಡು ಬಟ್ಟಲಲ್ಲಿ ತಂದು ಮುಂದಿಟ್ಟಳು. ಅವರು ತಿನ್ನುವವರೆಗೂ ಅಲ್ಲೇ ಕೂತಿದ್ದಳು.

ದೇವರು ಆರತಿಗೆ ಕಾಯಬಲ್ಲ. ಅವನಿಗೆ ಯುಗಗಳಷ್ಟು ಸಮಯವಿದೆ. ಉಸಿರಿಗಾಗಿ ಒದ್ದಾಡುವವನು ಕಾಯಲಾರ. ಆ ಕರುಣಾಳು ತ್ರಿಲೋಚನನ ಆತ್ಮಕ್ಕೆ ಶಾಂತಿ ಕೊಡಲಿ. ಅವನ ತಾಯಿಯ ಕೈ ಹಿಡಿದು ನಡೆಸಲಿ. ತಪ್ಪಿದ ಆ ಇಬ್ಬರನ್ನೂ ಅವನು ಕೈಬಿಡದಿರಲಿ.

ನೀತಿ: ಒಬ್ಬರ ಜೀವ ನಮ್ಮ ಒಂದು ಮಾತಿನ ಮೇಲೆ ನಿಂತಿರುವಾಗ, ಗುರುವೇ ತಪ್ಪಲಿ, ಅವರು ದೇವರ ಕೆಲಸಕ್ಕೇ ಎದ್ದಿರಲಿ, ಆ ಮಾತನ್ನು ಆಗಲೇ ಆಡಬೇಕು. ಹಿರಿಯರಾದವರು ತಮ್ಮನ್ನು ತಡೆಯುವ ಧೈರ್ಯವನ್ನು ಕಿರಿಯರಿಗೆ ಮೊದಲು ಕಲಿಸಬೇಕು. ಹೊತ್ತು ಮೀರಿ ಆಡಿದ ಸತ್ಯಕ್ಕೆ ಕ್ಷಮೆ ಸಿಕ್ಕೀತು, ಹೋದ ಜೀವ ಮರಳದು.