ಕಿತ್ತುಹಾಕಿದ ಲೈಸೆನ್ಸ್ ಹಾಳೆ

"ಕೇಳಿರಪ್ಪೋ ಕೇಳಿರಿ! ರಾಜಕುಮಾರಿ ಮಧುಮತಿಯವರು ಬರೆದ, ಕೆರೆಯ ತೂಬು ನಡೆಸುವ ತಂತ್ರಾಂಶ ಏಳು ರಾಜ್ಯಗಳಿಗೆ ಹೊರಟಿದೆ. ಅವರ ಮೂರು ಒಗಟು ಬಿಡಿಸಿದವನಿಗೆ ಅವರೊಂದಿಗೆ ಮದುವೆ, ಅರ್ಧ ರಾಜ್ಯ. ತಪ್ಪಿದವನಿಗೆ ತಲೆದಂಡ!"

ನಾಗೋಜ ಅರಮನೆಗೆ ಬಂದದ್ದು ಮದುವೆಗಲ್ಲ. ತಂತ್ರಾಂಶವನ್ನು ಪೆನ್‌ಡ್ರೈವಿಗೆ ತುಂಬಿ ಪೊಟ್ಟಣ ಕಟ್ಟುವುದು ಅವನ ಕೆಲಸ. ಅದರೊಳಗಿದ್ದ, ಬಳಕೆಯ ಕರಾರು ಬರೆದ ಲೈಸೆನ್ಸ್ ಹಾಳೆಗಳನ್ನು ಮಂತ್ರಿ ಕೆಲಸಕ್ಕೆ ಬಾರದ ಕಾಗದವೆಂದು ಕಿತ್ತುಹಾಕಿಸಿದ್ದ. ಬೇಡ ಬೇಡವೆಂದು ಹೇಳಿ ನಾಗೋಜನಿಗೆ ಸಾಕುಸಾಕಾಗಿತ್ತು. ದೊರೆಗೇ ಹೇಳೋಣವೆಂದು ಬಂದರೆ, ಕಾವಲಿನವನು ಮಾತು ಕೇಳದೆ ಮದುವೆಗೆ ಬಂದವರ ಸಾಲಿಗೆ ದಬ್ಬಿದ. ಸಾಲಿಗೆ ಸೇರಿದವನು ಹಿಂದೆ ಸರಿಯುವಂತಿರಲಿಲ್ಲ.

ಮಧುಮತಿ ಕೇಳಿದಳು. "ಯಾರು ಬೇಕಾದರೂ ಬಿಟ್ಟಿ ಒಯ್ಯಬಹುದು. ಇನ್ನೊಬ್ಬರಿಗೆ ದಾಟಿಸುವಾಗ ಮಾಡಿದವರ ಹೆಸರೂ ಜೊತೆಗೆ ಹೋಗಬೇಕು. ಅದು ಯಾವುದು?"

"ಹೊಳೆ ನೀರು" ಎಂದ ಒಬ್ಬ ರಾಜಕುಮಾರ. ಅವನನ್ನು ಕತ್ತಿಯವನ ಹತ್ತಿರ ನಿಲ್ಲಿಸಿದರು.

"ಬಿಟ್ಟಿ ಸಿಕ್ಕಿದ್ದಕ್ಕೆ ಯಾರ ಹೆಸರಂತೆ? ಅಂಥದ್ದು ಇಲ್ಲವೇ ಇಲ್ಲ" ಎಂದ ಮಂತ್ರಿಯ ಮಗ. ಅವನೂ ಅಲ್ಲಿಗೇ ಹೋದ.

ನಾಗೋಜನ ಸಿಟ್ಟು ನೆತ್ತಿಗೇರಿತ್ತು. "ಮುಕ್ತ ತಂತ್ರಾಂಶ, ಅಮ್ಮಣ್ಣಿ! ಆರು ತಿಂಗಳಿಂದ ಇದನ್ನೇ ಬಡ್ಕೊಳ್ತಾ ಇದೀನಿ! ಬರೆದವರ ಹೆಸರು, ಅವರ ಕರಾರು, ಎರಡೂ ಪೊಟ್ಟಣದಲ್ಲಿರಬೇಕು."

"ಎರಡನೆಯದು. ಮನೆಯೊಳಗೆ ತಿದ್ದಿಕೊಂಡರೆ ಕೇಳುವವರಿಲ್ಲ. ಹೊಸಿಲು ದಾಟಿಸಿದರೆ ಒಳಗುಟ್ಟನ್ನೂ ಬಿಟ್ಟುಕೊಡಬೇಕು. ಯಾವುದು?"

"ನೀವು ಹೊರಗಿನಿಂದ ತಂದು ನಿಮ್ಮ ತಂತ್ರಾಂಶಕ್ಕೆ ಬೆರೆಸಿದ ನೀರಿನ ಲೆಕ್ಕದ ಕೋಡ್. ಅದರ ಹಾಳೆಯಲ್ಲೇ ಇದೆ. ನಾವೇ ಬಳಸಿದರೆ ಸರಿ, ಹಂಚಿದರೆ ತಿದ್ದಿದ ಮೂಲ ಕೋಡ್ ಕೂಡ ಕೊಡಬೇಕು. ಯಾರಾದರೂ ಓದಿದ್ರೆ ತಾನೇ?"

ಮಧುಮತಿ ತುಟಿ ಕಚ್ಚಿ ನಗು ತಡೆದಳು. "ಕೊನೆಯದು. ಅದಿಲ್ಲದೆ ನನ್ನ ಕೆಲಸ ನಡೆಯದು. ಆದರೂ ಅದರ ಹಾಳೆ ಕಳಿಸುವ ಹೊಣೆ ನನ್ನದಲ್ಲ."

ನಾಗೋಜ ಬೆರಳು ಮಡಚಿ ಹಾಳೆಗಳನ್ನು ಎಣಿಸಿದ. ಕತ್ತಿಯವನು ಒಂದು ಹೆಜ್ಜೆ ಮುಂದೆ ಬಂದ. ಯಾವ ಹಾಳೆ ಬಿಟ್ಟೆ? ತಾನು ಕಟ್ಟಿದ ಪೊಟ್ಟಣವನ್ನು ಮನಸ್ಸಿನಲ್ಲೇ ಬಿಚ್ಚಿ ನೋಡಿದ. ಅದರಲ್ಲಿ ಇಲ್ಲದ್ದು ಯಾವುದೆಂದು ಆಗ ಹೊಳೆಯಿತು.

"ಕೆರೆಗಳ ನಕ್ಷೆ ತೋರಿಸುವ ತಂತ್ರಾಂಶ! ಅದಿಲ್ಲದೆ ನಿಮ್ಮದು ನಡೆಯಲ್ಲ, ಆದರೆ ಅದು ನಮ್ಮ ಪೊಟ್ಟಣದಲ್ಲಿಲ್ಲ. ಅದನ್ನು ಆಯಾ ರಾಜ್ಯದವರೇ ತಂದು ಹಾಕಿಕೊಳ್ತಾರೆ. ನಾವು ಅದನ್ನು ಹಂಚೋದಿಲ್ಲ, ಹಾಗಾಗಿ ಹಂಚುವವರ ಕರಾರು ನಮಗೆ ತಗಲಲ್ಲ."

ದೊರೆ ಎದ್ದು ನಿಂತ. "ಮೂರೂ ಸರಿ! ಅರ್ಧ ರಾಜ್ಯ ನಿನ್ನದು. ಮಗಳೂ ಒಪ್ಪಿದ್ದಾಳೆ. ಇನ್ನೇನು ಬೇಕು?"

ನಾಗೋಜ ಬೆವರು ಒರೆಸಿಕೊಂಡು ಕತ್ತಿಯವನ ಬಳಿ ನಿಂತಿದ್ದ ಆ ಇಬ್ಬರತ್ತ ಕೈ ತೋರಿಸಿದ. "ಅವರ ತಲೆ ಉಳಿಸಿ, ಮಹಾಪ್ರಭು. ಕಿತ್ತುಹಾಕಿದ ಹಾಳೆಗಳನ್ನೆಲ್ಲ ಕೂತು ಓದೋದಕ್ಕೆ ಬೇಕಾಗುತ್ತೆ."