ಹರಿಗೋಲಿನ ಎರೆಗನ ಸಮಾಧಿ

ತುಂಗಭದ್ರೆಯ ದಡದಲ್ಲಿ ಒಂದು ಮಠ. ಅಲ್ಲಿನ ಗುರುಗಳು ಕೇತರಾಶಿ ಪಂಡಿತರು. ಆ ನಾಡಿನ ಅರಸರಿಗೆ ಶಾಸನ ಬೇಕಾದಾಗಲೆಲ್ಲ ಪದ್ಯ ಬರೆದುಕೊಡುತ್ತಿದ್ದವರು ಅವರೇ. ಈಗ ಕಣ್ಣು ಮಂಜಾಗಿತ್ತು. ಬರೆಯುವ ಕೆಲಸ ಶಿಷ್ಯ ಏಚಣನಿಗೆ ಬಂದಿತ್ತು.

ಒಂದು ಬೆಳಿಗ್ಗೆ ಏಚಣ ಉಬ್ಬಿಕೊಂಡು ಬಂದ.

“ಗುರುಗಳೇ, ನಿಮ್ಮ ಪದ್ಯದ ಮಾನ ಉಳಿಸಿದೆ.”

“ಯಾವ ಪದ್ಯ?”

“ವಂಶದ ಮೊದಲ ಅರಸನದು. ಸೂರ್ಯಕಿರಣದಿಂದ ಹುಟ್ಟಿದ, ಮೈಯೊಡನೆ ಸ್ವರ್ಗಕ್ಕೆ ಹೋದ, ಭೂಮಿಯ ಮೇಲೆ ಅವನ ಕುರುಹೇ ಉಳಿಯಲಿಲ್ಲ ಎಂದು ಬರೆದಿದ್ದೀರಲ್ಲ.”

“ಬರೆದಿದ್ದೇನೆ.”

“ಹೊಳೆಯಂಚಿನ ಕಲ್ಲುಗುಡ್ಡೆಗೆ ಮಾಳವ್ವೆ ಎಂಬ ಮುದುಕಿ ದಿನಾ ಅನ್ನ ಇಡುತ್ತಾಳೆ. ಅದು ಅವಳಪ್ಪ ಎರೆಗನ ಸಮಾಧಿಯಂತೆ. ಅವನೇ ಮೊದಲ ಅರಸನಂತೆ. ಅವನು ಹರಿಗೋಲು ಹಾಕುತ್ತಿದ್ದನಂತೆ! ಗುಡಿ ಕಟ್ಟಿಸುವ ಅಧಿಕಾರಿಗೆ ಹೇಳಿದೆ. ಮೆಟ್ಟಿಲಿಗೆ ಚಪ್ಪಡಿ ಸಾಲದೆ ಪರದಾಡುತ್ತಿದ್ದರು. ಆ ಗುಡ್ಡೆಯ ಚಪ್ಪಡಿ ಇವತ್ತೇ ಕೀಳಿಸುತ್ತೇನೆ ಎಂದರು.”

ಗುರುಗಳು ಉಣ್ಣುತ್ತಿದ್ದ ಗಂಜಿಯನ್ನು ಅಲ್ಲೇ ಬಿಟ್ಟು ಎದ್ದರು. ಕೈ ತೊಳೆಯುವುದನ್ನೂ ಮರೆತರು.

“ನಡೆ” ಎಂದು ಶಿಷ್ಯನ ಭುಜ ಹಿಡಿದರು.

ದಾರಿಯಲ್ಲಿ ಅವರೇ ಮಾತು ತೆಗೆದರು.

“ಆಗ ನನಗೆ ಇಪ್ಪತ್ತೆರಡು. ಎರೆಗ ತೀರಿಕೊಂಡು, ಅವನ ಮಗ ಪಟ್ಟಕ್ಕೆ ಬಂದಿದ್ದ. ಹೆಣ್ಣು ಕೇಳಲು ಹೋದ ಕಡೆಯೆಲ್ಲ ಕುಲ ಯಾವುದು ಎಂದರಂತೆ. ನನಗೊಂದು ಕುಲ ಕೊಡಿ ಎಂದು ಬಂದ. ಕೊಟ್ಟೆ.”

ಏಚಣ ನಿಂತುಬಿಟ್ಟ. “ಹಾಗಾದರೆ ಎರೆಗ ನಿಜವಾಗಿ ಇದ್ದನೇ?”

“ಹೊಳೆ ಉಕ್ಕಿದ ವರ್ಷ ಮೂರು ದಿನ ಹರಿಗೋಲು ನಿಲ್ಲಿಸದೆ ಏಳು ಊರಿನ ಜನರನ್ನು ದಾಟಿಸಿದ. ನೀರಿಳಿದ ಮೇಲೆ ಆ ಜನರೇ ಅವನನ್ನು ಒಡೆಯ ಎಂದು ಕರೆದರು. ಸೂರ್ಯನಿಗೆ ಅಲ್ಲಿ ಕೆಲಸವೇ ಇರಲಿಲ್ಲ.”

“ಅದನ್ನೇ ಬರೆಯಬಹುದಿತ್ತಲ್ಲ, ಗುರುಗಳೇ?”

“ಬರೆಯಬಹುದಿತ್ತು. ಆದರೆ ಸೂರ್ಯನ ಪದ್ಯ ಬಹಳ ಚೆನ್ನಾಗಿ ಬಂತು.”

ಅವರು ತಲುಪುವಷ್ಟರಲ್ಲಿ ಚಪ್ಪಡಿಗಳು ಎತ್ತಿನ ಗಾಡಿಯೇರಿ ಹೋಗಿದ್ದವು. ಗುಂಡಿ ಬಾಯಿ ತೆರೆದಿತ್ತು. ಮಾಳವ್ವೆ ಅದರೊಳಗೆ ಕುಳಿತು ಮೂಳೆಗಳನ್ನು ಒಂದೊಂದಾಗಿ ಸೆರಗಿಗೆ ಹಾಕಿಕೊಳ್ಳುತ್ತಿದ್ದಳು. ಈಗಿನ ಅರಸನಿಗೆ ಅವಳು ಸೋದರತ್ತೆ. ಅಪ್ಪ ಅಂಬಿಗ ಎನ್ನುವುದನ್ನು ಬಿಡಲೊಲ್ಲದ್ದಕ್ಕೆ ಅರಮನೆ ಅವಳನ್ನು ಯಾವತ್ತೋ ಹೊರಗಿಟ್ಟಿತ್ತು.

ಅವಳು ತಲೆಯೆತ್ತಿ ಗುರುಗಳನ್ನು ನೋಡಿದಳು.

“ಅಪ್ಪಯ್ಯನ ಕಾಲು ಹಿಡಿದು ಇಲ್ಲಿ ಇಳಿಸಿದ್ದು ನೀವೇ ಅಲ್ವಾ, ಸ್ವಾಮಿ? ಈಗ ನೋಡಿ, ಮೊದಲ ಅರಸ ಸ್ವರ್ಗಕ್ಕೆ ಹೋಗ್ಯಾನೆ, ಇವು ಯಾರ ಮೂಳೆನೋ, ಹೊಳೆಗೆ ಹಾಕು ಅಂತಾರೆ ಕಲ್ಲು ಕಿತ್ತವರು. ಒಂದು ಮಾತು ಹೇಳಿ ಸ್ವಾಮಿ.”

“ಹತ್ತು ವರ್ಷದ ಹಿಂದೆ ಅರಸರಿಗೆ ಹೇಳಿದೆ, ಅವ್ವ. ಶಾಸನ ಸುಳ್ಳಾಡುತ್ತದೆಯೇ ಎಂದು ನಕ್ಕರು.”

“ಊರಿಗೆ ಹೇಳಿದ್ರಾ?”

“ಇಲ್ಲ.”

ಅವಳು ಬಗ್ಗಿ ಇನ್ನೊಂದು ಮೂಳೆ ಎತ್ತಿ ಸೆರಗಿಗೆ ಹಾಕಿಕೊಂಡಳು. ಬೈದಿದ್ದರೆ ಚೆನ್ನಾಗಿರುತ್ತಿತ್ತು ಎಂದು ಗುರುಗಳಿಗೆ ಅನ್ನಿಸಿತು.

ಏಚಣ ಗುಂಡಿಗಿಳಿದು ಅವಳ ಕಾಲು ಹಿಡಿದುಕೊಂಡ. “ತಪ್ಪು ನನ್ನದು, ತಾಯಿ.”

“ನೀನು ನನ್ನನ್ನು ನಂಬಿದೆ, ಅಷ್ಟೇ” ಎಂದರು ಗುರುಗಳು. “ಅವ್ವ, ಮೂಳೆ ತೆಗೆದುಕೊಂಡು ನಮ್ಮ ಜೊತೆ ಬಾ.”

ಆ ಮಠದಲ್ಲಿ ಯತಿಗಳನ್ನು ಸುಡುವುದಿಲ್ಲ, ಹೂಳುತ್ತಾರೆ. ವಯಸ್ಸಾದ ಗುರುವಿಗೆ ಜಾಗವನ್ನು ಬದುಕಿರುವಾಗಲೇ ಸಿದ್ಧಮಾಡಿಡುವುದು ಅಲ್ಲಿನ ಪದ್ಧತಿ. ಕೇತರಾಶಿಗಳದೂ ಅಂಗಳದ ಮೂಲೆಯಲ್ಲಿ ಸಿದ್ಧವಿತ್ತು. ನಾಲ್ಕು ಕಡೆ ಕಲ್ಲು, ಮೇಲೊಂದು ಹಾಸುಗಲ್ಲು.

“ಸರಿಸಿ” ಎಂದರು ಗುರುಗಳು.

ಶಿಷ್ಯರು ಹಾಸುಗಲ್ಲು ಸರಿಸಿದರು.

ಗುರುಗಳು ಏಚಣನ ಭುಜ ಹಿಡಿದು ಒಳಗಿಳಿದರು. ಮಾಳವ್ವೆ ಕೊಟ್ಟ ಮೂಳೆಗಳನ್ನು ಒಂದೊಂದಾಗಿ ಇಟ್ಟರು. ಅಂಗಳಕ್ಕೆಲ್ಲ ಕೇಳುವಂತೆ, “ಎರೆಗ, ಹರಿಗೋಲಿನ ಎರೆಗ, ಏಳೂರ ಒಡೆಯ” ಎಂದು ಮೂರು ಸಲ ಕೂಗಿದರು. ಮಾಳವ್ವೆ ಒಂದು ಹಿಡಿ ಅನ್ನ ಇಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಐವತ್ತು ವರ್ಷದಲ್ಲಿ ಅಪ್ಪನ ಹೆಸರನ್ನು ಬೇರೆಯವರ ಬಾಯಲ್ಲಿ ಅವಳು ಕೇಳಿದ್ದು ಅದೇ ಮೊದಲು.

ಹಾಸುಗಲ್ಲು ಮುಚ್ಚಿದ ಮೇಲೆ ಏಚಣ ಕೇಳಿದ, “ಅಧಿಕಾರಿ ಬಂದು ಇದು ಯಾರದು ಎಂದರೆ?”

“ಎರೆಗನದು ಎನ್ನು. ಕೇತರಾಶಿ ಸುಳ್ಳು ಬರೆದಿದ್ದ, ಈಗ ಒಪ್ಪಿಕೊಂಡಿದ್ದಾನೆ ಎನ್ನು. ಮಠದೊಳಗಿನ ಕಲ್ಲು ಕೀಳುವ ಧೈರ್ಯ ಅವರಿಗಿಲ್ಲ.”

“ಮತ್ತೆ ನಿಮಗೆ, ಗುರುಗಳೇ? ನಿಮಗೆ ಎಲ್ಲಿ?”

ಕೇತರಾಶಿಗಳು ಕೈಯ ಮಣ್ಣು ಕೊಡವಿಕೊಂಡರು.

“ಆ ಸೂರ್ಯನ ಪದ್ಯದಲ್ಲಿ ಎರೆಗನಿಗೆ ಎಷ್ಟು ನೆಲ ಬಿಟ್ಟಿದ್ದೆನೋ, ನನಗೂ ಅಷ್ಟೇ ಬಿಡಿ.”