ಇಂಗ್ಲಿಷ್ ಬೈಗುಳ ಕಲಿಯಲು ಬಂದ ತಿಪ್ಪಣ್ಣ

ಹೊಳೆದಂಡೆಯ ಆಶ್ರಮಕ್ಕೆ ಬಂದಾಗ ತಿಪ್ಪಣ್ಣ ಮೇಷ್ಟರ ಮುಖ ಊದಿಕೊಂಡಿತ್ತು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುವ ಮನುಷ್ಯ, ಚಪ್ಪಲಿಯನ್ನು ಒಂದೊಂದು ಒಂದೊಂದು ಕಡೆ ಎಸೆದು ನೆಟ್ಟಗೆ ಹೊಳೆಯ ಮೆಟ್ಟಿಲಿಳಿದ.

ಅವನ ಗುರುಗಳಾದ ಮಲ್ಲಾರಾಧ್ಯರು ಕೆಳಗೆ ಪಂಚೆ ಒಗೆಯುತ್ತಿದ್ದರು. ಒಂದು ಕಾಲಕ್ಕೆ ಅವರೂ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದವರೇ. ಈಗ ಎಪ್ಪತ್ತೆರಡು ದಾಟಿದೆ; ಹಲ್ಲು ಕಡಿಮೆ, ನಗು ಜಾಸ್ತಿ.

"ಗುರುಗಳೇ, ಇಂಗ್ಲಿಷಿನಲ್ಲಿ ಬಲು ಕೆಟ್ಟ ಬೈಗುಳ ಯಾವುದು? ನನಗೆ ಸೋಮವಾರಕ್ಕೆ ಬೇಕು."

"ಯಾರಿಗೆ ಬಡಿಸೋಕೆ?"

"ಸ್ಕೂಲಿನ ತಪಾಸಣೆಗೆ ಬಂದಿದ್ದ ಸಾಹೇಬರಿಗೆ. ಹಾಜರಿ ಪುಸ್ತಕದಲ್ಲಿ ನನ್ನ ಹೆಸರು ಓದಿ, 'ತಿಪ್ಪೆ ಮೇಲೆ ಇಂಗ್ಲಿಷ್ ಬೆಳೆದಿದೆಯಲ್ರೀ! ಸಿಲ್ಲಿ ನೇಮ್' ಅಂತ ನಕ್ಕರು. ಮಕ್ಕಳೂ ನಕ್ಕವು. ಸೋಮವಾರ ಮತ್ತೆ ಬರ್ತಾರಂತೆ."

ತಿಪ್ಪಣ್ಣ ಜೇಬಿನಿಂದ ಕಾಗದವೊಂದನ್ನು ತೆಗೆದು ತೋರಿಸಿದ. ಹೆಸರು ಬದಲಾಯಿಸುವ ಅರ್ಜಿ. ಹಳೆಯ ಹೆಸರನ್ನು ಟೈಪ್ ಮಾಡಿಸಿದ್ದ. ಹೊಸದನ್ನು ತಾನೇ ಶಾಯಿ ಪೆನ್ನಿನಲ್ಲಿ ದುಂಡಗೆ ಬರೆದಿದ್ದ: ತ್ರಿಲೋಕಚಂದ್ರ.

"ನಿಮ್ಮವ್ವನಿಗೆ ಗೊತ್ತಾ?"

"ಇಲ್ಲ." ಅಷ್ಟು ಹೇಳುವಾಗ ಮಾತ್ರ ಅವನ ದನಿ ತಗ್ಗಿತು. ಕಾಗದ ಮತ್ತೆ ಜೇಬು ಸೇರಿತು.

ಗುರುಗಳು ಪಂಚೆ ಹಿಂಡಿದರು. "ಬೈಗುಳಕ್ಕೇನು, ರಾಶಿ ಬಿದ್ದಿವೆ. ಆದರೆ ಹಿಂದುಮುಂದು ವಿಚಾರಿಸದೆ ಯಾವ ಪದವನ್ನೂ ನಾನು ಕಳಿಸಿಕೊಡೋದಿಲ್ಲ. ಯಾವುದು ಬೇಕು, ಹೇಳು."

"ವಿಲನ್ ಅಂತೀನಿ."

"ಮೊದಮೊದಲು ಅದಕ್ಕೆ ಹೊಲದಲ್ಲಿ ದುಡಿಯೋ ಆಳು ಅಂತಷ್ಟೇ ಅರ್ಥ. ಒಡೆಯರ ಬಾಯಿಗೆ ಬಿದ್ದು ದುಷ್ಟ ಆದ. ನಿಮ್ಮಪ್ಪನೂ ಹೊಲದಲ್ಲಿ ದುಡಿದವನೇ ಅಲ್ವೇನೋ?"

ತಿಪ್ಪಣ್ಣ ತಲೆ ಕೆರೆದುಕೊಂಡ. "ಹಾಗಾದರೆ ಅವರಂದದ್ದನ್ನೇ ಅವರಿಗೆ ತಿರುಗಿಸ್ತೀನಿ. ಸಿಲ್ಲಿ."

"ಅದು ಹುಟ್ಟಿದಾಗ ಪುಣ್ಯವಂತ, ದೇವರು ಹರಸಿದವನು ಅಂತ ಇತ್ತು. ಆಮೇಲೆ ಅಯ್ಯೋ ಪಾಪ ಅನ್ನಿಸೋನು ಆಯ್ತು, ಆಮೇಲೆ ಪೆದ್ದ ಆಯ್ತು. ಸಾಹೇಬರನ್ನ ಹರಸಿ ಬರ್ತೀಯಾ?"

"ಇದೇನು ಗುರುಗಳೇ, ಒಂದಕ್ಕೂ ಹಲ್ಲೇ ಇಲ್ಲ!"

"ನನಗೂ ಇಲ್ಲ," ಎಂದು ಮುದುಕರು ಬಾಯಿ ತೆರೆದು ತೋರಿಸಿದರು.

"ಹೋಗಲಿ, ಇನ್‌ಸಲ್ಟ್ ಅನ್ನೋ ಪದಕ್ಕಾದರೂ ಹಲ್ಲಿದೆಯಾ?"

"ಅದಕ್ಕೆ ಕಾಲಿದೆ. ಲ್ಯಾಟಿನ್‌ನಿಂದ ಬಂದದ್ದು. ಅಲ್ಲೇ ನಿಂತ್ಕೋ, ತೋರಿಸ್ತೀನಿ."

ತಿಪ್ಪಣ್ಣ ಕೊನೆಯ ಮೆಟ್ಟಿಲಲ್ಲಿ ನಿಂತ. ಗುರುಗಳು ಎರಡು ಮೆಟ್ಟಿಲು ಮೇಲೇರಿದರು, ಉಟ್ಟದ್ದನ್ನು ಎತ್ತಿ ಕಟ್ಟಿದರು, ಟಗರಿನ ಹಾಗೆ ತಲೆ ತಗ್ಗಿಸಿ ಅವನ ಮೈಮೇಲೆ ಹಾರಿಯೇಬಿಟ್ಟರು. ಇಬ್ಬರೂ ದಬಕ್ಕನೆ ನೀರಿಗೆ ಬಿದ್ದರು.

ಪುಣ್ಯಕ್ಕೆ ಸೊಂಟದುದ್ದ ನೀರು.

"ಮೈಮೇಲೆ ಹಾರೋದು. ಅದೇ ಮೂಲ ಅರ್ಥ," ಎಂದರು ಗುರುಗಳು, ಸೀನುತ್ತ. "ನೀನು ಒಂದು ಹೆಜ್ಜೆ ಪಕ್ಕಕ್ಕೆ ಸರಿದಿದ್ದರೆ ನಾನೊಬ್ಬನೇ ಬೀಳ್ತಿದ್ದೆ."

ತಿಪ್ಪಣ್ಣನಿಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕ. ನಗುವಾಗಲೇ ಜೇಬು ನೆನಪಾಯಿತು.

ಕಾಗದ ಬಿಡಿಸಿ ನೋಡಿದ. ತ್ರಿಲೋಕಚಂದ್ರ ನೀಲಿ ನೀರಾಗಿ ಹರಿದುಹೋಗಿದ್ದ. ಟೈಪ್ ಮಾಡಿಸಿದ ತಿಪ್ಪಣ್ಣ ಅಲ್ಲಾಡದೆ ಕೂತಿದ್ದ.

"ಇನ್ನೊಂದು ಬರೆದರಾಯ್ತು," ಎಂದ.

"ಬರಿ, ಪೆನ್ನು ನಾನೇ ಕೊಡ್ತೀನಿ. ಆದರೆ ಮಿಕ್ಕ ಪದಗಳಿಗೆ ಕೇಳಿದ್ದನ್ನ ಇದಕ್ಕೂ ಕೇಳಬೇಕಲ್ಲ. ತಿಪ್ಪಣ್ಣ ಅನ್ನೋದು ಎಲ್ಲಿಂದ ಬಂತು?"

ತಿಪ್ಪಣ್ಣ ಮೆಟ್ಟಿಲ ಮೇಲೆ ಕೂತ. ಎಷ್ಟೋ ವರ್ಷಗಳಿಂದ ಅವನು ಇದನ್ನು ಯಾರಿಗೂ ಹೇಳಿರಲಿಲ್ಲ.

"ನನಗಿಂತ ಮುಂಚೆ ಅವ್ವನಿಗೆ ಮೂರು ಕೂಸು ಹೋದವು. ಒಂದಕ್ಕೆ ರಾಜಶೇಖರ ಅಂತ ಹೆಸರಿಟ್ಟಿದ್ದರಂತೆ. ನಾನು ಹುಟ್ಟಿದಾಗ ಅವ್ವ ನನ್ನನ್ನ ಮೊರದಲ್ಲಿ ಮಲಗಿಸಿ ತಿಪ್ಪೆ ಮೇಲೆ ಇಡಿಸಿದಳು. ಪಕ್ಕದ ಮನೆ ಅಜ್ಜಿ ಎತ್ತಿಕೊಂಡು ಬಂದು, 'ತಿಪ್ಪೇಲಿ ಸಿಕ್ತು ಕಣೇ, ಬೇಕಾದ್ರೆ ಸಾಕ್ಕೋ' ಅಂತ ಕೊಟ್ಟಳಂತೆ. ಇದು ಯಾರಿಗೂ ಬೇಡದ ಕಸ ಅಂತ ಯಮ ತಿಳ್ಕೊಳ್ಳಲಿ ಅಂತ..."

ಮೊನ್ನೆ ತಾನೇ ಅವ್ವ ಇಡೀ ಬೀದಿಗೆ ಕೇಳುವ ಹಾಗೆ "ತಿಪ್ಪಾ, ಊಟಕ್ಕೆ ಬಾರೋ" ಎಂದು ಕೂಗಿದ್ದಳು. ಅವನು ನಾಚಿಕೆಯಿಂದ ಕಿಟಕಿ ಮುಚ್ಚಿದ್ದ. ಈಗ ಆ ಕೂಗು ನೆನೆದರೆ ಎದೆ ತುಂಬಿ ಬರುತ್ತಿತ್ತು, ಮನೆಗೆ ಓಡಿಹೋಗಿ ಇನ್ನೊಮ್ಮೆ ಕೂಗಿಸಿಕೊಳ್ಳಬೇಕು ಅನ್ನಿಸುತ್ತಿತ್ತು.

ಒದ್ದೆ ಅರ್ಜಿಯನ್ನು ಮಡಿಸಿ ದೋಣಿ ಮಾಡಿ ಹೊಳೆಗೆ ಬಿಟ್ಟ. ಅದು ಎರಡು ಮಾರು ಹೋಗಿ ಮುಳುಗಿತು. ಗುರುಗಳು ಚಪ್ಪಾಳೆ ತಟ್ಟಿದರು.

"ಬೈಗುಳ ಬೇಡ ಗುರುಗಳೇ," ಎಂದ ತಿಪ್ಪಣ್ಣ. "ಆದರೆ ಸೋಮವಾರ ಸಾಹೇಬರು ಹೆಸರು ಕೇಳಿ ಮತ್ತೆ ನಕ್ಕರೆ?"

ಗುರುಗಳು ಒಗೆದ ಪಂಚೆಯನ್ನು ಬಿಸಿಲಿಗೆ ಕೊಡವಿದರು.

"ನಗಲಿ ಬಿಡೋ. ಆ ಹೆಸರು ಕೇಳಿ ಯಮನೇ ಮೂಗು ಮುಚ್ಚಿಕೊಂಡು ವಾಪಸು ಹೋದ. ಸಾಹೇಬರು ಬರೀ ನಕ್ಕರು ತಾನೆ?"